ಆಷಾಢದ ಮೂರು ಸಾವಿರ ಏಪ್ರನ್

ಆಷಾಢದಲ್ಲಿ ಯಾರೂ ರಜೆ ಕೇಳುವುದಿಲ್ಲ ಎಂದು ನಾನೇ ಬರೆದುಕೊಟ್ಟಿದ್ದೆ. ಅದೂ ಟ್ರಸ್ಟಿನ ಲೆಟರ್‌ಹೆಡ್ ಮೇಲೆ, ಕೆಳಗೆ ದೊಡ್ಡದಾಗಿ ಸಹಿ ಹಾಕಿ. 'ಈ ಮಾಸದಲ್ಲಿ ಮದುವೆ, ಮುಂಜಿ, ಹಬ್ಬ ಯಾವುವೂ ಇಲ್ಲವಾದ್ದರಿಂದ ಹಾಜರಾತಿ ಪೂರ್ಣವಾಗಿರುವುದು' ಎಂಬ ವಾಕ್ಯ ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಮೂರು ವಾರ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಆಂಧ್ರಪ್ರದೇಶ ಇನ್ನೂ ಒಂದೇ ಆಗಿದ್ದ ಕಾಲ ಅದು. ನನ್ನ ಗಂಡನಿಗೆ ಬಾಲಾನಗರದ ಸರಕಾರಿ ಕಾರ್ಖಾನೆಗೆ ವರ್ಗವಾಗಿ, ಹಿಂದಿನ ವರ್ಷ ದಸರಾ ಮುಗಿಸಿಕೊಂಡು ಗದಗಿನಿಂದ ಹೈದರಾಬಾದಿಗೆ ಬಂದಿದ್ದೆವು. ಬಿ.ಕಾಂ. ಮಾಡಿದ್ದೆ, ಊರಲ್ಲಿ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದ ಅನುಭವವಿತ್ತು. ಕ್ವಾರ್ಟರ್ಸಿನ ಕನ್ನಡದವರೊಬ್ಬರು ಹೇಳಿ ಈ ಕೆಲಸ ಕೊಡಿಸಿದರು. ಒಂದು ಸಣ್ಣ ಟ್ರಸ್ಟು ನಡೆಸುತ್ತಿದ್ದ ಮಹಿಳೆಯರ ಹೊಲಿಗೆ ಕೇಂದ್ರಕ್ಕೆ ನಾನು ಮ್ಯಾನೇಜರು. ಬಾಲಾನಗರದ ಲೇಥ್ ಅಂಗಡಿಗಳ ಹಿಂದೆ ಒಂದು ತಗಡಿನ ಶೆಡ್ಡು, ಇಪ್ಪತ್ತು ಮಷಿನು, ಇಪ್ಪತ್ನಾಲ್ಕು ಹೆಣ್ಣುಮಕ್ಕಳು. ಹಾಜರಿ ಬರೆಯುವುದು, ದಾರ ತರುವುದು, ಸಂಬಳ ಹಂಚುವುದು, ಕರೆಂಟು ಹೋದರೆ ಆಫೀಸಿಗೆ ಫೋನು ಮಾಡಿ ಬೈಯುವುದು, ಎಲ್ಲ ನನ್ನ ಪಾಲಿಗೆ.

ಅಲ್ಲಿಯವರೆಗೆ ದಿಂಬಿನ ಗೌಸು, ಲಂಗ, ಬಟ್ಟೆಚೀಲ ಹೊಲಿಯುತ್ತಿದ್ದೆವು. ಅದರಿಂದ ಅರ್ಧ ಸಂಬಳ ಹುಟ್ಟುತ್ತಿತ್ತು, ಉಳಿದರ್ಧ ಟ್ರಸ್ಟಿನ ನೆರವು. ಮುಂದಿನ ದಸರಾಕ್ಕೆ ಆ ನೆರವು ನಿಲ್ಲುವುದಿತ್ತು. ಅಷ್ಟರೊಳಗೆ ಕೇಂದ್ರ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಇಲ್ಲವಾದರೆ ಶೆಡ್ಡಿಗೆ ಬೀಗ. ಹೀಗಿರುವಾಗ ಮಾದಾಪುರದ ಐಟಿ ಕಂಪನಿಗಳಿಗೆ ಊಟ ಒದಗಿಸುವ ಗುತ್ತಿಗೆದಾರರೊಬ್ಬರಿಂದ ಮೂರು ಸಾವಿರ ಏಪ್ರನ್ನಿನ ಆರ್ಡರ್ ಬಂತು. ಎದೆಯವರೆಗೆ ಬರುವಂಥದ್ದು, ಸುತ್ತಲೂ ಅಂಚಿಗೆ ಪೈಪಿಂಗ್ ಪಟ್ಟಿ, ಮುಂದೆ ಜೋಡು ಜೇಬು. ಬಣ್ಣ ಅವರು ಹೇಳಿದ್ದೇ ಆಗಬೇಕು, ಒಂಥರಾ ಹಾಗಲಕಾಯಿ ಹಸಿರು. ಗಡುವು ಐದು ವಾರ. ಎರಡು ವಾರ ತಡವಾದರೆ ಆರ್ಡರ್ ರದ್ದು. ಮುಂಗಡ ಇಲ್ಲ.

ಬಟ್ಟೆಗೆ ದುಡ್ಡು ಎಲ್ಲಿಂದ ತರುವುದು? ಬ್ಯಾಂಕಿನಲ್ಲಿ ಎರಡು ತಿಂಗಳ ಸಂಬಳದಷ್ಟು ಹಣ ಮುಟ್ಟದೆ ಇಟ್ಟಿದ್ದರು. ಅದನ್ನು ತೆಗೆಯೋಣ ಎಂದೆ. ಟ್ರಸ್ಟಿನ ಕಾರ್ಯದರ್ಶಿಗಳು ರೈಲ್ವೆ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು, ಸಿಕಂದರಾಬಾದಿನಲ್ಲೇ ನೆಲೆಸಿದ್ದ ಧಾರವಾಡದ ಕಡೆಯ ಹಿರಿಯರು. ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡವ್ವಾ, ಇದು ಟ್ರಸ್ಟಿನ ರೊಕ್ಕಲ್ಲ. ಈ ಹೆಣ್ಣುಮಕ್ಕಳ ಸಂಬಳದ್ದು. ಆ ಹಸಿರು ಅರಿವಿ ಮತ್ಯಾರೂ ತಗೊಳ್ಳಂಗಿಲ್ಲ. ಆರ್ಡರ್ ತಪ್ಪಿದ್ರ ಎರಡು ತಿಂಗಳು ಇವರಿಗೆ ಏನು ಕೊಡ್ತಿ?"

"ತಪ್ಪಂಗಿಲ್ರಿ ಸರ್" ಎಂದೆ. ಆಗಲೇ ಅವರು ಬರೆದುಕೊಡು ಎಂದದ್ದು, ನಾನು ಬರೆದುಕೊಟ್ಟದ್ದು. ನನ್ನ ಮೇಜಿನ ಹಿಂದೆ ಹುಬ್ಬಳ್ಳಿಯಲ್ಲಿ ಅಚ್ಚಾದ ಕ್ಯಾಲೆಂಡರ್ ತೂಗುತ್ತಿತ್ತು. ಆಷಾಢದ ಹಾಳೆಯಲ್ಲಿ ಏಕಾದಶಿ, ಗುರುಪೂರ್ಣಿಮೆ ಬಿಟ್ಟರೆ ಮತ್ತೇನೂ ಇರಲಿಲ್ಲ.

ಕೆಲಸ ಹಂಚುವಾಗ ಮನೆಯವರ ಸಲಹೆ ಕೇಳಿದೆ. ಕಾರ್ಖಾನೆಯ ಮನುಷ್ಯ, ಊಟಕ್ಕೆ ಕುಳಿತಲ್ಲೇ ಲೈನ್ ಹಾಕಿಕೊಟ್ಟರು. ಮೂವರು ಜೇಬು, ಮೂವರು ಪೈಪಿಂಗ್, ಕೆಲವರು ಕೊರಳಪಟ್ಟಿ, ಕೆಲವರು ಸೊಂಟದ ಪಟ್ಟಿ, ಹೀಗೆ ಏಳು ಹಂತ. ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬೊಬ್ಬರೂ ಒಂದು ಬಟ್ಟೆಯನ್ನು ಮೊದಲಿನಿಂದ ಕೊನೆವರೆಗೆ ಹೊಲಿದು ಮಡಚಿ ಇಡುತ್ತಿದ್ದರು. ಲೈನ್ ಮಾಡಿದರೆ ಕೈ ಪಳಗಿ ಬೇಗ ಆಗುತ್ತದೆ ಎಂಬುದು ಲೆಕ್ಕ. ಮೊದಲ ವಾರ ಲೆಕ್ಕ ತಪ್ಪಲೂ ಇಲ್ಲ. ದಿನಕ್ಕೆ ನೂರಿಪ್ಪತ್ತು ಏಪ್ರನ್ ಇಳಿದವು. ನಾನು ಕಾರ್ಯದರ್ಶಿಗಳಿಗೆ ದಿನಾ ಸಂಜೆ ಫೋನು ಮಾಡಿ ಹೇಳುತ್ತಿದ್ದೆ. ಅವರು ಕೇಳದಿದ್ದರೂ ಹೇಳುತ್ತಿದ್ದೆ.

ಎರಡನೇ ವಾರ ಕಾಲಿಡುತ್ತಲೇ ಶನಿವಾರ ಏಳು ಜನ ಬರಲಿಲ್ಲ. ಸೋಮವಾರ ಎಂಟು ಜನ ಬರಲಿಲ್ಲ. ಮಂಗಳವಾರ ಬಂದವರು ಆಕಳಿಸುತ್ತ ಬಂದರು. ಜೇಬಿನವರು ಮೂವರೂ ನಾಪತ್ತೆಯಾಗಿದ್ದರಿಂದ ಪೈಪಿಂಗಿನವರ ಮುಂದೆ ಏನೂ ಬಂದು ಬೀಳಲಿಲ್ಲ. ಅವರು ಕುಳಿತು ಕುಳಿತು ಬಾಬಿನ್ನಿಗೆ ದಾರ ಸುತ್ತಿದರು. ದಿನಕ್ಕೆ ಮೂವತ್ತು ಏಪ್ರನ್ನಿಗೆ ಬಂದು ನಿಂತೆವು.

ಏನಾಯಿತು ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು: ಬೋನಾಲು. ಹೆಸರು ಕೇಳಿದ್ದೆ, ನಿಜ. ಯಾವುದೋ ಒಂದು ದಿನದ ಜಾತ್ರೆ ಇರಬೇಕು ಎಂದುಕೊಂಡಿದ್ದೆ. ಅದು ಇಡೀ ಆಷಾಢ ನಡೆಯುತ್ತದೆ ಎಂಬುದು ನನಗೆ ತಿಳಿಯಲು ಆ ಸೋಮವಾರ ಬರಬೇಕಾಯಿತು. ಮೊದಲು ಗೋಲ್ಕೊಂಡ, ಆಮೇಲೆ ಸಿಕಂದರಾಬಾದು, ಆಮೇಲೆ ಹಳೇ ಊರು, ನಡುನಡುವೆ ಒಂದೊಂದು ಬಸ್ತಿಗೆ, ಎಂದರೆ ಕೇರಿಗೆ, ತನ್ನದೇ ಒಂದು ಭಾನುವಾರ. ಹೊಸ ಗಡಿಗೆಗೆ ಅರಿಶಿನ ಹಚ್ಚಿ, ಬೇವಿನ ಸೊಪ್ಪು ಕಟ್ಟಿ, ಅನ್ನ ತುಂಬಿ, ಮೇಲೆ ದೀಪವಿಟ್ಟು, ಆ ಬೋನವನ್ನು ಹೆಂಗಸರು ತಲೆಯ ಮೇಲೆ ಹೊತ್ತು ಅಮ್ಮನ ಗುಡಿಗೆ ಹೋಗಬೇಕು. ಹಿಂದಿನ ದಿನ ಮನೆ ತೊಳೆಯುವುದು, ಮರುದಿನ ನೆಂಟರಿಗೆ ಕೋಳಿ ಸಾರು. ಅದೂ ತಮ್ಮ ಬಸ್ತಿಯದು ಮುಗಿದರೆ ಮುಗಿಯಲಿಲ್ಲ. ಅಕ್ಕನ ಬಸ್ತಿಯದಕ್ಕೆ ಹೋಗಬೇಕು, ತವರಿನದಕ್ಕೆ ಹೋಗಬೇಕು. ನಮ್ಮೂರಲ್ಲಿ ಎಲ್ಲ ಶುಭಕಾರ್ಯಕ್ಕೂ ಬಾಗಿಲು ಹಾಕಿ ಕೂರುವ ತಿಂಗಳೇ ಈ ಊರಿನ ಹೆಂಗಸರಿಗೆ ವರ್ಷದ ದೊಡ್ಡ ತಿಂಗಳು.

ನಾನು ಮಾಡಿದ ಮೊದಲ ಉಪಾಯ ದುಡ್ಡಿನದು. ವಾರದ ಆರೂ ದಿನ ಬಂದವರಿಗೆ ಹೆಚ್ಚಿಗೆ ಭತ್ಯೆ ಎಂದು ಸಾರಿದೆ. ಎಲ್ಲರೂ ಸಂತೋಷದಿಂದ ತಲೆಯಾಡಿಸಿದರು. ಮುಂದಿನ ಶನಿವಾರ ಒಂಬತ್ತು ಜನ ಬರಲಿಲ್ಲ. ಭತ್ಯೆ ಯಾರಿಗೆ ಸಿಕ್ಕಿತೆಂದರೆ ಕಟಿಂಗ್ ಮಾಡುವ, ಎಲ್ಲರೂ ಆಪಾ ಅಂದರೆ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸಿಗೆ, ಅವರ ಜೊತೆಯ ಮೂವರು ಮುಸ್ಲಿಂ ಹೆಣ್ಣುಮಕ್ಕಳಿಗೆ ಮತ್ತು ಒಬ್ಬಳು ಮರಾಠಿಯವಳಿಗೆ. ಅವರು ಹೇಗೂ ದಿನಾ ಬರುವವರೇ ಆಗಿದ್ದರು.

ಎರಡನೆಯ ಉಪಾಯ ಇನ್ನೂ ಹದಗೆಟ್ಟದ್ದು. ಸಿಟ್ಟು ನೆತ್ತಿಗೇರಿತ್ತು, ಹೆದರಿಕೆಯೂ ಇತ್ತು. ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಿದವರ ಮಷಿನನ್ನು ಬೇರೆಯವರಿಗೆ ಕೊಡಲಾಗುವುದು ಎಂದು ತೆಲುಗು ಬಲ್ಲವರಿಂದ ನೋಟೀಸು ಬರೆಸಿ ಬಾಗಿಲಿಗೆ ಅಂಟಿಸಿದೆ.

ಮರುದಿನ ಬೆಳಿಗ್ಗೆ ರಾಯಚೂರಿನ ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತರು. ಶೆಡ್ಡಿನ ಹಿರಿಯ ಟೇಲರ್ ಅವರು. ಹುಟ್ಟಿದ್ದು ರಾಯಚೂರಿನ ಹತ್ತಿರ, ಮದುವೆಯಾಗಿ ಬಾಲಾನಗರದ ಬಸ್ತಿಗೆ ಬಂದು ಇಪ್ಪತ್ತು ವರ್ಷ. ನನ್ನ ಜೊತೆ ಕನ್ನಡ, ಉಳಿದವರ ಜೊತೆ ತೆಲುಗು, ಆಪಾ ಜೊತೆ ದಖನಿ ಉರ್ದು. ಬೆಳಿಗ್ಗೆ ಶೆಡ್ಡು ತೆಗೆಯುವವರೂ ಅವರೇ. ಕೀಲಿಕೈ ತಂದು ನನ್ನ ಹಾಜರಿ ಪುಸ್ತಕದ ಮೇಲೆ ಇಟ್ಟರು.

"ಮೇಡಂರಿ, ನೋಟೀಸಿನ್ಯಾಗ ಎರಡ್ ದಿನ ಅಂತ ಬರ್ದೀರಿ. ನಮ್ಮ ಬಸ್ತಿ ಬೋನಾಲಿಗೆ ನನಗ ಮೂರು ದಿನಾ ಬೇಕು. ಆಮ್ಯಾಲೆ ನೀವು ಕೇಳೋದು, ನಾ ಕೊಡೋದು ಯಾಕ? ಈಗ್ಲೇ ತಗೊಂಡು ಇಟ್ಕೋರಿ."

"ಸಿಟ್ಟು ಬಂದೈತೇನ್ರಿ ಅಕ್ಕಾರ?"

"ಸಿಟ್ಟು ಯಾಕ್ರಿ? ನಿಮ್ಮ ಕೆಲಸಾ ನೀವು ಮಾಡಾಕತ್ತೀರಿ. ಅತ್ತಿ ಹೋದ ಮ್ಯಾಲೆ ಮನ್ಯಾಗ ಬೋನ ಹೊರಾಕಿ ನಾ ಒಬ್ಬಾಕಿನ. ತಪ್ಪಸಾಕ ಬರಂಗಿಲ್ಲ."

ನನಗೆ ಅಳು ಬಂದುಬಿಟ್ಟಿತು. ಮ್ಯಾನೇಜರು ಅಳಬಾರದು ಎಂದು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಅಲ್ಲಿಯವರೆಗೆ ಯಾರಿಗೂ ಹೇಳಿರದ ಮಾತನ್ನು ಅವರ ಮುಂದೆ ಹೇಳಿದೆ: ಆ ಬಟ್ಟೆ ತಂದದ್ದು ನಿಮ್ಮ ಎರಡು ತಿಂಗಳ ಸಂಬಳದಿಂದ, ಆರ್ಡರ್ ತಪ್ಪಿದರೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಅಕ್ಕ ಪಕ್ಕದ ಸ್ಟೂಲ್ ಎಳೆದು ಕುಳಿತರು. "ಇದನ್ನ ನೀವೊಬ್ಬರ ಹೊಟ್ಯಾಗ ಇಟ್ಕೊಂಡು ಕುಂತಿದ್ರೇನ್ರಿ?" ಎಂದರು. "ನಮ್ಮ ಪಗಾರದ ಮಾತು ನಮಗ ಹೇಳಬೇಕೋ ಬ್ಯಾಡೋ?"

"ಬೋನಾಲಿನ ಮಾತು ನೀವಾದ್ರೂ ನನಗ ಮೊದ್ಲ ಹೇಳಬೇಕಿತ್ತಲ್ರಿ" ಎಂದೆ ಮೂಗು ಒರೆಸಿಕೊಳ್ಳುತ್ತ.

"ಹೈದರಾಬಾದಿನ್ಯಾಗ ಇದ್ದು ಬೋನಾಲು ಗೊತ್ತಿಲ್ಲ ಅಂದ್ರ ಯಾರು ನಂಬ್ತಾರ್ರಿ? ಇಷ್ಟು ಓದೀರಿ, ಎಲ್ಲಾ ನೋಡ್ಕೊಂಡ ಗಡುವು ಹಾಕಿರ್ತೀರಿ ಅಂತ ತಿಳ್ಕೊಂಡಿದ್ವಿ."

ಮಧ್ಯಾಹ್ನ ಊಟದ ಹೊತ್ತಿಗೆ ಮಷಿನ್ ನಿಲ್ಲಿಸಿ ಎಲ್ಲರನ್ನೂ ಕಟಿಂಗ್ ಮೇಜಿನ ಸುತ್ತ ಕರೆದೆವು. ಸಂಬಳದ ವಿಷಯ ನಾನೇ ಹೇಳಿದೆ, ಅಕ್ಕ ತೆಲುಗಿಗೆ ತಿರುಗಿಸಿದರು. ಆಮೇಲೆ ಆಪಾ ತಮ್ಮ ಕಟಿಂಗ್ ಚಾಕ್ ಎತ್ತಿಕೊಂಡು ಮೇಜಿನ ಮೇಲೇ ಗೆರೆ ಎಳೆಯತೊಡಗಿದರು. ಯಾರ ಬಸ್ತಿಯದು ಯಾವ ಭಾನುವಾರ? ಒಬ್ಬೊಬ್ಬರೂ ಹೇಳುತ್ತ ಹೋದಂತೆ ನಾಲ್ಕು ಗುಂಪಾದವು. ಸಿಕಂದರಾಬಾದಿನ ಕಡೆಯವರದು ಆಗಲೇ ಮುಗಿದಿತ್ತು. ಮೂಸಾಪೇಟೆ ಕಡೆಯವರದು ಬರುವ ಭಾನುವಾರ. ಬಾಲಾನಗರದ ಬಸ್ತಿಯವರದು ಅದರ ಮುಂದಿನದು. ನಾಲ್ಕನೆಯದು ಬೋನಾಲು ಇಲ್ಲದವರ ಗುಂಪು: ಆಪಾ, ಅವರ ಮೂವರು, ಆ ಮರಾಠಿಯವಳು.

ನಾನು ಇಷ್ಟು ದಿನ ನೋಡಿದ್ದು ಪ್ರತಿ ವಾರವೂ ಯಾರೋ ಇಲ್ಲ ಎಂಬುದನ್ನು. ಆ ಗೆರೆಗಳಲ್ಲಿ ಕಂಡದ್ದು ಪ್ರತಿ ವಾರವೂ ಮುಕ್ಕಾಲು ಜನ ಇದ್ದಾರೆ ಎಂಬುದು. ಕೆಡಿಸುತ್ತಿದ್ದುದು ನನ್ನ ಏಳು ಹಂತದ ಲೈನು. ಒಂದು ಬಸ್ತಿಯವರು ಹೋದರೆ ಒಂದು ಹಂತವೇ ಹೋಗುತ್ತಿತ್ತು, ಉಳಿದವರು ಕೈಕಟ್ಟಿ ಕೂರಬೇಕಾಗುತ್ತಿತ್ತು. ಅಲ್ಲೇ ತೀರ್ಮಾನಿಸಿದೆವು: ಲೈನ್ ಮುರಿಯುವುದು. ಒಂದು ಬಸ್ತಿಯವರದು ಒಂದು ಗುಂಪು. ಪ್ರತಿ ಗುಂಪೂ ಇಡೀ ಏಪ್ರನ್ ಹೊಲಿಯುತ್ತದೆ. ಅದರ ಪಾಲಿನ ಸಂಖ್ಯೆ ಇಷ್ಟು, ಯಾವ ದಿನ ಬರುತ್ತೀರಿ, ಯಾವ ದಿನ ಬರುವುದಿಲ್ಲ ಎಂಬುದು ನಿಮಗೆ ಬಿಟ್ಟದ್ದು. ಬೇರೆ ಬಸ್ತಿಯ ಅಕ್ಕ ತಂಗಿಯರ ಮನೆಗೆ ಈ ವರ್ಷ ಭಾನುವಾರ ಮಾತ್ರ ಹೋಗಿಬರುತ್ತೇವೆ ಎಂದು ಅವರೇ ಹೇಳಿದರು. ಆಪಾ ಗುಂಪು ಸೋಮವಾರಗಳಲ್ಲಿ ಎರಡು ತಾಸು ಹೆಚ್ಚು ಕೂರಲು ಒಪ್ಪಿತು. "ನಮ್ಮ ಈದ್‌ಗೆ ಇವರು ಕೂರಲಿ, ಹಿಸಾಬ್ ಬರಾಬರ್" ಎಂದು ಆಪಾ ದಖನಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನೋಟೀಸನ್ನು ನಾನೇ ಹೋಗಿ ಹರಿದೆ. ಕೀಲಿಕೈ ಅಕ್ಕನ ಸೊಂಟಕ್ಕೆ ಮರಳಿತು.

ಒಂದು ಗಂಟು ಉಳಿಯಿತು. ಮೂಸಾಪೇಟೆಯವರು ಹಬ್ಬಕ್ಕೆ ಮುಂಚೆ ಸಂಬಳ ಕೇಳಿದರು. ಗಡಿಗೆ, ಸೀರೆ, ಕೋಳಿ ಎಲ್ಲ ಭಾನುವಾರಕ್ಕೆ ಬೇಕು, ತಿಂಗಳ ಏಳನೇ ತಾರೀಖಿಗೆ ಕೊಟ್ಟರೆ ಯಾರಿಗೆ ಬೇಕು? ನ್ಯಾಯವಾದ ಮಾತು. ಆದರೆ ನನ್ನ ಹತ್ತಿರ ಇದ್ದದ್ದು ಹಸಿರು ಬಟ್ಟೆ.

ಮರುದಿನ ಎರಡು ಬಸ್ಸು ಬದಲಾಯಿಸಿ ಮಾದಾಪುರಕ್ಕೆ ಹೋದೆ. ಗುತ್ತಿಗೆದಾರರ ಖರೀದಿ ಅಧಿಕಾರಿ ಒಂದೂವರೆ ತಾಸು ಕೂರಿಸಿದ. ಒಳಗೆ ಕರೆದಾಗ ನಾನು ಕೇಳಿದ್ದು ಇಷ್ಟೇ: ಮೂರು ಸಾವಿರ ಒಟ್ಟಿಗೆ ಬೇಡ, ವಾರವಾರ ತಂದುಕೊಡುತ್ತೇವೆ, ತಂದಷ್ಟಕ್ಕೆ ಅದೇ ವಾರ ಚೆಕ್ ಕೊಡಿ. ಅವನು ಹಣೆ ಗಂಟಿಕ್ಕಿದ. ಆದರೆ ಅವರ ಕ್ಯಾಂಟೀನುಗಳೂ ಒಂದೊಂದಾಗಿ ತೆರೆಯುವುದಿತ್ತು, ಎಲ್ಲ ಒಟ್ಟಿಗೆ ಬಂದರೆ ಇಡಲು ಅವನಿಗೂ ಜಾಗವಿರಲಿಲ್ಲ. ಸಾಗಣೆ ಖರ್ಚು ನಿಮ್ಮದು, ಕೆಟ್ಟ ಪೀಸು ವಾಪಸ್ಸು ಎಂಬ ಷರತ್ತಿನ ಮೇಲೆ ಒಪ್ಪಿದ. ಹೊರಗೆ ಬಂದು ಲೆಕ್ಕ ಹಾಕಿದೆ. ಬೋನಾಲು ಎಲ್ಲರಿಗೂ ಒಂದೇ ದಿನ ಇದ್ದಿದ್ದರೆ ಇಪ್ಪತ್ನಾಲ್ಕು ಜನರಿಗೂ ಒಟ್ಟಿಗೆ ಸಂಬಳ ಕೊಡಬೇಕಿತ್ತು, ನಾನು ಮುಳುಗುತ್ತಿದ್ದೆ. ಈಗ ಒಂದು ವಾರದ ಚೆಕ್ಕು ಒಂದು ಬಸ್ತಿಗೆ ಸಾಕು. ಯಾವ ಭಾನುವಾರಗಳಿಗೆ ಇಷ್ಟು ದಿನ ಶಾಪ ಹಾಕಿದ್ದೆನೋ ಅವೇ ನನ್ನನ್ನು ದಡ ಸೇರಿಸುವಂತೆ ಕಂಡವು. ರಸ್ತೆಬದಿ ನಿಂತು ಒಂದು ಇರಾನಿ ಚಾಯ್ ಕುಡಿದೆ, ಜೊತೆಗೆ ಎರಡು ಉಸ್ಮಾನಿಯಾ ಬಿಸ್ಕತ್ತನ್ನೂ ತಿಂದೆ.

ಇಷ್ಟಕ್ಕೇ ಎಲ್ಲ ಸುಸೂತ್ರವಾಯಿತು ಎಂದರೆ ಸುಳ್ಳಾದೀತು. ಗುಂಪುಗಳು ಹೊಲಿದ ಮೊದಲ ಆರು ನೂರರಲ್ಲಿ ಅರವತ್ತು ಪೀಸು ವಾಪಸ್ಸು ಬಂದವು. ಒಂದು ಗುಂಪಿನ ಜೇಬು ಒಂದು ಗೇಣು ಕೆಳಗೆ, ಇನ್ನೊಂದರದು ನಾಲ್ಕು ಬೆರಳು ಮೇಲೆ. ಲೈನಿನಲ್ಲಿ ಜೇಬು ಹಚ್ಚುವವರು ಮೂವರೇ ಇದ್ದುದರಿಂದ ಅಳತೆ ಅವರ ಕೈಯಲ್ಲೇ ಇತ್ತು, ಈಗ ಎಲ್ಲರೂ ಹಚ್ಚುತ್ತಿದ್ದರು. ಅಕ್ಕ ಮಿಠಾಯಿ ಡಬ್ಬಿಯ ರಟ್ಟನ್ನು ಕತ್ತರಿಸಿ ಗುಂಪಿಗೊಂದರಂತೆ ಅಚ್ಚು ಮಾಡಿಕೊಟ್ಟರು. ಕೊರಳಿನಿಂದ ರಟ್ಟು ಇಟ್ಟು, ಅದು ಮುಗಿದಲ್ಲಿ ಚಾಕ್ ಗುರುತು, ಅಲ್ಲಿ ಜೇಬು. ಅರವತ್ತನ್ನೂ ಬಿಚ್ಚಿ ಮತ್ತೆ ಹೊಲಿಯಲು ಒಂದೂವರೆ ದಿನ ಹಿಡಿಯಿತು. ಆಮೇಲೆ ವಾಪಸ್ಸು ಬಂದದ್ದು ಬೆರಳೆಣಿಕೆಯಷ್ಟು.

ಬಾಲಾನಗರದ ಭಾನುವಾರ ನಾನೂ ಹೋದೆ. ಅಕ್ಕ ಹಳದಿ ಸೀರೆ ಉಟ್ಟು, ತಲೆಯ ಮೇಲೆ ಬೋನ ಹೊತ್ತು, ಒಂದು ಕೈಯನ್ನೂ ಆನಿಸದೆ ಡಪ್ಪು ಬಡಿಯುವ ಸದ್ದಿನ ನಡುವೆ ನಡೆದು ಬಂದರು. ಶೆಡ್ಡಿನಲ್ಲಿ ಬೆನ್ನು ಬಗ್ಗಿಸಿ ಕೂರುವ ಹೆಂಗಸು ಇವರೇ ಏನು ಎನ್ನಿಸಿತು. ನನ್ನನ್ನು ಕಂಡು ಕಣ್ಣಲ್ಲೇ ನಕ್ಕರು. ನನಗೆ ಆ ದಿನ ಬಹಳ ಸಂತೋಷವಾಗಿತ್ತು. ಈ ಮೂರು ದಿನಕ್ಕಾಗಿ ಇವರ ಮಷಿನ್ ಕಿತ್ತುಕೊಳ್ಳಲು ಹೊರಟಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಆಷಾಢ ಅಮಾವಾಸ್ಯೆಯ ಹಿಂದಿನ ದಿನ ಕೊನೆಯ ಗಂಟು ಆಟೋ ಟ್ರಾಲಿ ಏರಿತು. ಗಡುವಿಗೆ ಇನ್ನೂ ಎರಡು ದಿನವಿತ್ತು. ಕೊನೆಯ ಚೆಕ್ಕನ್ನು ಬ್ಯಾಂಕಿಗೆ ಹಾಕಿ, ತೆಗೆದಿದ್ದ ಎರಡು ತಿಂಗಳ ಸಂಬಳದ ಹಣವನ್ನು ಮೊದಲು ಇದ್ದಲ್ಲೇ ಇಟ್ಟೆ. ಅದರ ಮೇಲೆ ಚೂರು ಉಳಿಯಿತು ಕೂಡ. ಕಾರ್ಯದರ್ಶಿಗಳು ಹಾಜರಿ ಪುಸ್ತಕ ತರಿಸಿಕೊಂಡು ನೋಡಿದರು. ಆ ತಿಂಗಳ ಹಾಳೆಯ ತುಂಬ ಗೈರುಹಾಜರಿಯ ಕೆಂಪು ಗುರುತು.

"ಇಷ್ಟು ಮಂದಿ ಬಂದಿಲ್ಲ, ಆರ್ಡರ್ ಹೆಂಗ ಮುಟ್ಟಿತವ್ವಾ?" ಎಂದರು.

"ಯಾವಾಗ ಬರಂಗಿಲ್ಲ ಅಂತ ಮೊದ್ಲ ಹೇಳಿದ್ರಲ್ರಿ ಸರ್, ಹಿಂಗಾಗಿ ಮುಟ್ಟಿತು" ಎಂದೆ. ಅವರು ಗೊತ್ತಾದವರಂತೆ ತಲೆಯಾಡಿಸಿದರು. ಗೊತ್ತಾಯಿತೋ ಇಲ್ಲವೋ ಕೇಳಲಿಲ್ಲ.

ಮರುದಿನ ಅಕ್ಕ ಮತ್ತೆ ನನ್ನ ಮೇಜಿಗೆ ಬಂದರು. ಹಿಂದೆ ಆಪಾ, ಅವರ ಹಿಂದೆ ಇನ್ನೂ ನಾಲ್ಕೈದು ಜನ.

"ಮೇಡಂರಿ, ಪಂಚಮಿಗೆ ತವರಿಗೆ ಹೋಗಂಗಿಲ್ಲೇನು?"

ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರಪಂಚಮಿ ಎಂದರೆ ಏನೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಹೋದ ತಿಂಗಳಿಂದ ಅವ್ವ ನಾಲ್ಕು ಸಲ ಫೋನು ಮಾಡಿದ್ದಳು, ತಂಬಿಟ್ಟಿನ ಉಂಡಿ ಕಟ್ಟಿ ಇಡ್ತೀನಿ ಅಂದಿದ್ದಳು. ಕೆಲಸ ಐತಿ, ಬರಾಕ ಆಗಂಗಿಲ್ಲ ಎಂದು ನಾಲ್ಕು ಸಲವೂ ಹೇಳಿಟ್ಟಿದ್ದೆ. ಶೆಡ್ಡಿನಲ್ಲಿ ಇದರ ಮಾತನ್ನೇ ಎತ್ತಿರಲಿಲ್ಲ.

"ಇಲ್ಲಿ ಯಾರು ನೋಡ್ಕೋತಾರ್ರಿ?" ಎಂದೆ.

"ನಾವೆಲ್ಲಾ ಎಲ್ಲಿ ಹೋಗೀವ್ರಿ? ಬೋನಾಲು ಮುಗೀತು, ಈದ್ ಇನ್ನೂ ದೂರ ಐತಿ. ಈ ವಾರ ಇಲ್ಲಿ ಹಬ್ಬ ಇರೋದು ನಿಮಗೊಬ್ಬರಿಗೆ."

ತಲೆ ಬಗ್ಗಿಸಿ ಒಂದು ಹಾಳೆ ತೆಗೆದು ರಜೆಯ ಅರ್ಜಿ ಬರೆದೆ, ನಾಲ್ಕು ದಿನಕ್ಕೆ. ನಿಯಮದ ಪ್ರಕಾರ ಕಾರ್ಯದರ್ಶಿಗಳಿಗೆ ಕಳಿಸಬೇಕಿತ್ತು. ನಾನು ಅದನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಹಾಳೆಯನ್ನು ದೂರ ಹಿಡಿದು, ಬೆರಳಿಟ್ಟು ನಿಧಾನವಾಗಿ ಓದಿದರು.

"ನಾಕು ಸಾಲಂಗಿಲ್ಲ, ಐದು ಬರೀರಿ" ಎಂದು ಹಾಳೆ ವಾಪಸ್ಸು ಕೊಟ್ಟರು. "ಬಂದ ಮರುದಿನಾ ನಿಮ್ಮ ಕೈಲೆ ಕೆಲಸಾ ಆಗಂಗಿಲ್ಲ."